ಜಮಖಾನಿಯ ಮೇಲೆ ಕೆಂಪು ಗೆರೆ

ಕಳೆದ ಸಂಚಿಕೆಯ ಟಿಪ್ಪಣಿಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಅದಕ್ಕೇ ಅದೇ ಮಾತನ್ನು ಮತ್ತೆ ಎತ್ತಿಕೊಂಡಿದ್ದೇನೆ.

ರಾಜ್ಯೋತ್ಸವದ ಹೊತ್ತಿಗೆ ನಮ್ಮ ಭಾಗದಲ್ಲೊಂದು ಹಾಡು ಕಟ್ಟುವ ಸ್ಪರ್ಧೆ ನಡೆಯಿತಲ್ಲ, ಅಚ್ಚಗನ್ನಡದ ಪದ ಬಿಟ್ಟು ಬೇರೆ ಪದ ಬರಕೂಡದು ಎಂಬ ನಿಯಮದ್ದು, ಅದರದೇ ಜಗಳ. ನವಲಗುಂದದ ಹುಡುಗಿಯೊಬ್ಬಳು ಮಗ್ಗದ ಮುಂದೆ ಕೂತ ತನ್ನ ತಾಯಿಯ ಮೇಲೆ ಪದ ಕಟ್ಟಿ ತಂದಿದ್ದಳು. ತೀರ್ಪುಗಾರರು ‘ಜಮಖಾನಿ’ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು, ಇದು ಪಾರಸಿ, ಇಲ್ಲಿ ‘ಹಾಸು’ ಅಂತ ಬರೆ ಎಂದರು. ಹುಡುಗಿ ಹೇಳಿದ್ದಿಷ್ಟೇ: “ಹಾಸು ಅಂದ್ರ ಚಾಪಿನೂ ಹಾಸೇ, ಕೌದಿನೂ ಹಾಸೇ ರೀ ಸರ್. ನಮ್ಮವ್ವ ನೇಯೂದು ಜಮಖಾನಿ.” ಹಾಡು ಸ್ಪರ್ಧೆಯಿಂದ ಹೊರಬಿತ್ತು. ನವಲಗುಂದದ ಹೆಸರನ್ನು ಹೊರನಾಡಿಗೆ ಒಯ್ದದ್ದೇ ಆ ಜಮಖಾನಿ. ನವಿಲು, ಪಗಡೆಯ ಪಟ ಮೂಡಿಸಿ ಅದನ್ನು ನೇಯ್ದುಕೊಂಡು ಬಂದವರು ಹೆಣ್ಣುಮಕ್ಕಳು. ಅವರ ಕೈಯ ಕೆಲಸಕ್ಕೆ ಅವರೇ ಇಟ್ಟುಕೊಂಡ ಹೆಸರು ಕನ್ನಡವಲ್ಲ ಎನ್ನಲು ಯಾರಿಗೆ ಹಕ್ಕಿದೆ?

ನಿಯಮ ಅಂದರೆ ನಿಯಮ, ಅಂಡಯ್ಯ ಇದನ್ನೇ ಮಾಡಿ ತೋರಿಸಿದ್ದಾನೆ ಎಂದು ಸಂಘಟಕರ ಕಡೆಯವರು ಬರೆದಿದ್ದಾರೆ. ಅಂಡಯ್ಯನನ್ನು ಓದಿದ ಮಾತಲ್ಲ ಇದು. ಹದಿಮೂರನೆಯ ಶತಮಾನದ ಆ ಜೈನಕವಿ ಸಂಸ್ಕೃತದ ತತ್ಸಮಗಳನ್ನು ಹೊರಗಿಟ್ಟು ಒಂದು ಇಡೀ ಕಾವ್ಯ ಬರೆದದ್ದು ನಿಜ, ಕನ್ನಡದಲ್ಲಿ ಅಂಥ ಛಲದ ಕೆಲಸ ಮತ್ತೊಂದು ಸಿಗುವುದು ಕಷ್ಟ. ಆದರೆ ಆ ಕಾವ್ಯದ ಹೆಸರನ್ನೇ ಬಿಡಿಸಿ ನೋಡಲಿ: ‘ಕಬ್ಬಿಗರ ಕಾವ’. ಕಬ್ಬಿಗ ಎಲ್ಲಿಂದ ಬಂದ? ಕಾವ್ಯ ಕಬ್ಬವಾಯಿತು, ಕಬ್ಬ ಕಟ್ಟುವವ ಕಬ್ಬಿಗನಾದ. ಕಾವ ಅಂದರೆ ಕಾಯುವವ ಎಂದರೂ ಸೈ, ಕಾಮನೇ ಕನ್ನಡದ ಬಾಯಲ್ಲಿ ಕಾವನಾದ ಎಂದರೂ ಸೈ. ಕಾವ್ಯದ ನಾಯಕ ಕಾಮನೇ. ಮೂಲ ಹುಡುಕಿ ಗೆರೆ ಎಳೆಯುವುದಾದರೆ ಅಂಡಯ್ಯನ ಮೊದಲ ಪುಟವೇ ಕೆಂಪಾಗುತ್ತದೆ. ಅವನು ಪದಗಳ ಕುಲ ಕೇಳಲಿಲ್ಲ, ಕನ್ನಡದ ಬಾಯಲ್ಲಿ ಅಗಿದು ಹದವಾದ ಪದವೋ ಅಲ್ಲವೋ ಎಂಬುದನ್ನಷ್ಟೇ ಕೇಳಿದ. ಹಬ್ಬ, ಬಣ್ಣ, ಬಾವಿ, ಸಕ್ಕರಿ, ಎಲ್ಲ ಹಾಗೆ ಹದವಾದವು. ಪರ್ವ ಹಬ್ಬವಾದಂತೆಯೇ ಅರಬ್ಬಿಯ ರಯ್ಯತ್ ನಮ್ಮಲ್ಲಿ ರೈತನಾದ. ಒಂದಕ್ಕೆ ಮಣೆ, ಇನ್ನೊಂದಕ್ಕೆ ಹೊರಬಾಗಿಲು ಎನ್ನುವುದು ಯಾವ ನ್ಯಾಯ?

ಈ ‘ರೈತ’ ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಏನಾಯಿತು ಎಂದು ಈ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆಯ ಕಾಲುವೆಯ ಕರದ ವಿರುದ್ಧ ಎದ್ದವರ ಮೇಲೆ ಗುಂಡು ಹಾರಿತು, ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನ ಎಂದು ಆಚರಿಸುತ್ತೇವೆ. ಅಚ್ಚಗನ್ನಡದ ಸ್ಪರ್ಧೆಗೆ ಆ ದಿನದ ಮೇಲೊಂದು ಹಾಡು ಬಂದರೆ ‘ರೈತ’ನೂ ಹೊರಗೆ, ‘ಹುತಾತ್ಮ’ನೂ ಹೊರಗೆ. ಜಮೀನು, ಫಸಲು, ಹಂಗಾಮು ಒಂದೂ ಉಳಿಯುವುದಿಲ್ಲ. ಉಳಿದ ಜಾಗ ತುಂಬುವುದಕ್ಕೆ ನಿನ್ನೆ ಮೊನ್ನೆ ಹೊಸೆದ ಪದಗಳು ಬರುತ್ತವೆ. ಬಹುಮಾನ ಪಡೆದ ಹಾಡಿನಲ್ಲಿ ಅಂಥವು ಏಳೋ ಎಂಟೋ ಇದ್ದವು. ಅಣ್ಣಿಗೇರಿಯ ಸಂತೆಯಲ್ಲಿ ನಿಂತು ಅವುಗಳಲ್ಲೊಂದನ್ನು ಆಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಯಾರ ಬಾಯಲ್ಲೂ ಹೊರಳದ ಪದ ಸಂಸ್ಕೃತದ್ದಾದರೇನು, ಅಚ್ಚಗನ್ನಡದ್ದಾದರೇನು, ಹಾಡಿಗೆ ಅದು ಹಳ್ಳು. ಅಣ್ಣಿಗೇರಿಗೆ ಹತ್ತಿರದ ಮುಳಗುಂದದ ನಯಸೇನ 1112ರಲ್ಲಿ ಕನ್ನಡಕ್ಕೆ ಹೊಂದದ ಸಂಸ್ಕೃತ ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಂತೆ ಕಂಡು ಬೈದ. ಆ ಬೈಗುಳವೇ ಇರುವ ಅವನ ಕಾವ್ಯದ ಹೆಸರು ‘ಧರ್ಮಾಮೃತ’. ಅವನ ಸಿಟ್ಟೆಲ್ಲ ಹೊಂದದ್ದರ ಮೇಲಿತ್ತು.

ಇನ್ನು ಪೇಟೆಯ ಗೆಳೆಯರ ಪತ್ರಿಕೆ. ಪದಗಳಿಗೆ ಬೇಲಿ ಹಾಕುವುದೇ ತಪ್ಪು, ಅದೆಲ್ಲ ಮಕ್ಕಳ ಆಟ, ಕವಿಯ ಪ್ರತಿಭೆಗೆ ಕಟ್ಟಳೆ ಇರಬಾರದು ಎಂದು ಮೂರು ಪುಟ ಬರೆದಿದ್ದಾರೆ. ಜಮಖಾನಿಯ ವಿಷಯದಲ್ಲಿ ನಮ್ಮ ಪರ ನಿಂತದ್ದಕ್ಕೆ ಋಣಿ, ಆದರೆ ಈ ವಾದ ನನಗೆ ಬೇಡ. ಮಕ್ಕಳ ಆಟವಂತೂ ಹೌದು: ಡಾ. ಸ್ಯೂಸ್ ತನ್ನ ಪ್ರಕಾಶಕನ ಜೊತೆ ಪಂಥ ಕಟ್ಟಿ ಬರೇ 50 ಪದಗಳಲ್ಲಿ ಬರೆದ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ ಅಚ್ಚಾದದ್ದು 1960ರಲ್ಲಿ, ಮಕ್ಕಳು ಅದನ್ನು ಇನ್ನೂ ಕೆಳಗಿಟ್ಟಿಲ್ಲ. ನಲ್ಲೆ ಕಚ್ಚಿದ ತುಟಿ ನೋಯುತ್ತದೆಂದು ಮಂತ್ರಗುಪ್ತ ತುಟಿ ಕೂಡಿಸುವ ಅಕ್ಷರವನ್ನೇ ಬಿಟ್ಟು ಕಥೆ ಹೇಳುವುದು ದಂಡಿಯ ‘ದಶಕುಮಾರಚರಿತ’ದಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಮನೆಗಳ ಒಳಗೇ ಬರೋಣ.

ನಮ್ಮ ಅಮ್ಮ, ಅಂದರೆ ತಂದೆಯ ತಾಯಿ, ಗಂಡನ ಹೆಸರು ಹೇಳುತ್ತಿರಲಿಲ್ಲ. ಅಜ್ಜನ ಹೆಸರು ಕಲ್ಲಪ್ಪ. ಹಾಗಾಗಿ ಅವಳ ಬಾಯಲ್ಲಿ ‘ಕಲ್ಲು’ ಎಂಬ ಪದವೇ ಇರಲಿಲ್ಲ. ಬೀಸುವ ಕಲ್ಲು ಅವಳಿಗೆ ‘ಬೀಸೂದು’, ಬ್ಯಾಳ್ಯಾಗಿನ ಕಲ್ಲು ‘ಹಳ್ಳು’, ಹೊಲದ ಬದುವಿನ ದೊಡ್ಡ ಕಲ್ಲು ‘ಬಂಡಿ’. ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಆ ಕಲ್ಲಿನ ಮೇಲೆಯೇ ಅವಳು ನುಡಿ ಮೇಲೆ ನುಡಿ ಕಟ್ಟುತ್ತಿದ್ದಳು, ಕಲ್ಲು ಅನ್ನದೆ. ಅದನ್ನು ದುಂಡನ್ನ ಗೆಳತಿ ಮಾಡಿದಳು, ತವರಿಂದ ಜೊತೆಗೆ ಬಂದವಳನ್ನಾಗಿ ಮಾಡಿದಳು, ಹಸಿದವಳನ್ನಾಗಿ ಮಾಡಿದಳು. ಒಂದು ಪದ ಇಲ್ಲವೆಂದು ಅವಳಿಗೆ ಹತ್ತು ಹಾದಿ ತೆರೆದವು. ಗಂಡನ ಹೆಸರೆತ್ತಬಾರದೆಂಬ ಕಟ್ಟಳೆ ಹೆಣ್ಣಿನ ಮೇಲೆ ಹೇರಿದ್ದು. ಅದು ಹೋಗಲಿ, ಹೋಗುತ್ತಲೂ ಇದೆ, ನನಗೆ ದುಃಖವಿಲ್ಲ. ಆದರೆ ಆ ಕಟ್ಟಳೆಯೊಳಗೆ ಅವಳು ಗಳಿಸಿದ ಜಾಣ್ಮೆ ಅವಳ ಸ್ವಂತದ್ದು.

ಒಡಪು ಹುಟ್ಟಿದ್ದೂ ಅಲ್ಲಿಯೇ. ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳೆಂದು ಕಾಡುತ್ತಾರೆ. ಬರೇ ಹೆಸರು ಹೇಳುವ ಹಾಗಿಲ್ಲ. ಬೆಳ್ಳಿ ಬಟ್ಟಲನ್ನೋ ಹಿತ್ತಲ ಮಲ್ಲಿಗೆಯನ್ನೋ ಮುಂದಿಟ್ಟು, ಪ್ರಾಸ ಕೂಡಿಸಿ, ಕಡೆಗೆ ಮೆಲ್ಲಗೆ ಹೆಸರನ್ನು ಇಳಿಸಬೇಕು. ಒಬ್ಬಳು ಹೇಳಿದ್ದನ್ನು ಮತ್ತೊಬ್ಬಳು ಹೇಳಿದರೆ ನಗೆ. ಕುಂದಗೋಳ ಕಡೆಯ ಒಂದು ಮದುವೆಯಲ್ಲಿ ಮುದುಕಿಯರಿಬ್ಬರು ಊಟದ ಹೊತ್ತು ಮೀರುವ ತನಕ ಒಬ್ಬರಿಗೊಬ್ಬರು ಸೋಲದೆ ಒಡಪು ಹಾಕಿದ್ದನ್ನು ಕಂಡಿದ್ದೇನೆ. ಪದಕ್ಕೆ ಮಿತಿ ಇಟ್ಟ ಸ್ಪರ್ಧೆ ನಮಗೇನು ಹೊಸದೇ? ಹರದೇಶಿ, ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಹಾಕಿಕೊಂಡು ಬೆಳಗು ಹರಿಸಿದ್ದೂ ಸ್ಪರ್ಧೆಯೇ.

ಮಿತಿ ಮಾತಿನಲ್ಲಿಯೂ ಇದೆ. ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ರಾತ್ರಿ ಹಾವಿನ ಹೆಸರೆತ್ತದೆ ಹುಳ ಅನ್ನುತ್ತೇವೆ. ಹೊರಟವರು ಹೋಗ್ತೀನಿ ಅನ್ನದೆ ಹೋಗಿ ಬರ್ತೀನಿ ಅನ್ನುತ್ತಾರೆ. ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಹಿಡಿಯುತ್ತಾರೆ. ಇಷ್ಟು ಪದಗಳನ್ನು ಬಾಯಿಕಟ್ಟಿ ಬಾಳಿದ ಜನ ಹಾಡಿಗೆ ಬಡವರಾಗಲಿಲ್ಲ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದದ್ದು 1931ರಲ್ಲಿ. ಅದನ್ನು ತೆಗೆದು ಯಾರಾದರೂ ಪದ ಎಣಿಸಲಿ. ತವರು, ತಾಯಿ, ಅಣ್ಣ, ತೊಟ್ಟಿಲು ಇಂಥವೇ ತಿರುತಿರುಗಿ ಬರುತ್ತವೆ, ಅದೂ ತ್ರಿಪದಿಯ ಹನ್ನೊಂದು ಗಣಗಳ ಒಳಗೆ. ಕಳಸದ ಗೋವಿಂದಭಟ್ಟರ ಶಿಷ್ಯ ಶಿಶುನಾಳ ಶರೀಫರು ಸೋರುವ ಮಾಳಿಗೆ, ಕೋಳಿ, ತಂಬೂರಿ ಇಟ್ಟುಕೊಂಡೇ ದೊಡ್ಡ ಮಾತು ಮುಟ್ಟಿದರು. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆಯವರು ಧಾರವಾಡದ ಓಣಿಯ ಮಾತನ್ನೇ ಕವಿತೆಗೆ ತಂದರು. ಅವರಿಗೆ ಯಾರ ಕೆಂಪು ಗೆರೆಯೂ ಬೇಕಾಗಲಿಲ್ಲ.

ಈಗ ನಮ್ಮ ಕಚೇರಿಗೆ ಬರುವ ಹಾಡುಗಳಲ್ಲಿ ಏನಿದೆ? ಮೌನ, ಭಾವ, ಚೇತನ, ಅಂತರಂಗ, ಅನಂತ. ಹತ್ತರಲ್ಲಿ ಎಂಟು ಹಾಡುಗಳು ಈ ಐದು ಪದಗಳ ಮೇಲೆಯೇ ನಿಂತಿರುತ್ತವೆ. ಬರೆದವರ ಊರು ನೋಡಿದರೆ ಕಲಘಟಗಿ ಇರುತ್ತದೆ, ಅಣ್ಣಿಗೇರಿ ಇರುತ್ತದೆ. ಕಲಘಟಗಿಯ ಗದ್ದೆಯ ಕೆಸರಿಗೂ ಅಣ್ಣಿಗೇರಿಯ ಎರಿಮಣ್ಣಿಗೂ ಇರುವ ಅಂತರ ಹಾಡಿನಲ್ಲಿ ಕಾಣುವುದಿಲ್ಲ. ಕೂರಿಗಿ, ಕುಂಟಿ, ಹಗೇವು, ಚರಗ, ಬುತ್ತಿ ಎಲ್ಲಿ ಹೋದವು? ಪೇಟೆಯ ಗೆಳೆಯರು ಹೇಳುವ ಕಟ್ಟಳೆಯಿಲ್ಲದ ಸ್ವಾತಂತ್ರ್ಯ ನಮ್ಮ ಹುಡುಗರ ಕೈಗೆ ಕೊಟ್ಟದ್ದು ಆ ಐದು ಪದಗಳನ್ನು. ಅದಕ್ಕೇ ಬೇಲಿ ಬೇಕು ಎನ್ನುತ್ತೇನೆ, ಪದದ ಹುಟ್ಟಿದೂರು ಕೇಳದ ಬೇಲಿ.

ನವಲಗುಂದದ ಹುಡುಗಿಯ ಪದವನ್ನು ಈ ಸಂಚಿಕೆಯಲ್ಲಿ ಜಮಖಾನಿ ಸಮೇತ ಅಚ್ಚು ಮಾಡಿದ್ದೇವೆ. ಯುಗಾದಿ ಸಂಚಿಕೆಗೆ ಹಾಡುಗಳನ್ನು ಕಳಿಸಿ: ನೂರು ಪದ ಮೀರಬಾರದು, ಪ್ರತಿ ಪದವೂ ನಿಮ್ಮೂರಲ್ಲಿ ಕಿವಿಯಾರೆ ಕೇಳಿದ್ದಿರಬೇಕು, ಅವ್ವನಿಂದಲೋ ಕಂಬಾರನಿಂದಲೋ ಬಸ್ಸಿನ ಕಂಡಕ್ಟರನಿಂದಲೋ ಎಂಬುದನ್ನು ಪಕ್ಕದಲ್ಲಿ ಬರೆದಿರಬೇಕು.