ಈ ಸಲದ ಬ್ಯಾಡ್ಜು ತಾಂಡಾದಿಂದ ಬರಲಿ

'ಯುವರ್ ನೇಮ್' ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಸಿಗೋದು ಕಷ್ಟ. 2016ರ ಆ ಜಪಾನಿ ಅನಿಮೆಯಲ್ಲಿ ಮಿತ್ಸುಹಾ ಕೂದಲಿಗೆ ಕಟ್ಟುವ ಕೆಂಪು ದಾರ ನೆನಪಿದೆಯಲ್ಲ? ಅಜ್ಜಿಯ ಜೊತೆ ಕೂತು ಅವಳು ಹೆಣೆಯುವ ಆ ಹುರಿಗೆ 'ಕುಮಿಹಿಮೊ' ಅಂತ ಹೆಸರು. ಕಿಮೊನೊ ಉಟ್ಟವರು ಸೊಂಟಕ್ಕೆ ಸುತ್ತುವ ಅಗಲ ಪಟ್ಟಿ 'ಓಬಿ'. ಅದು ಸಡಿಲವಾಗದ ಹಾಗೆ ಮೇಲೆ ಬಿಗಿಯುವ 'ಓಬಿಜಿಮೆ'ಯೂ ಇಂಥದೇ ಹುರಿ. ಅದರ ನಕಲನ್ನು ಆನ್‌ಲೈನ್‌ನಲ್ಲಿ ತರಿಸಿ ಮಣಿಕಟ್ಟಿಗೆ ಕಟ್ಟಿಕೊಂಡವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ.

ಒಂದು ಕಾಲಕ್ಕೆ ಈ ಹುರಿಯ ದೊಡ್ಡ ಗಿರಾಕಿಗಳು ಸಮುರಾಯ್‌ಗಳು. ಕತ್ತಿಗೆ ಬೇಕು, ಕವಚಕ್ಕೆ ಬೇಕು. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ತಿರುಗುವುದನ್ನೇ ನಿಷೇಧಿಸಿತು. ಗಿರಾಕಿ ಹೋದ ಮೇಲೆ ಹೆಣೆಯುವವರು ಓಬಿಜಿಮೆ ಕಡೆ ಹೊರಳಿದರು. ಈಗ ದಿನಾ ಕಿಮೊನೊ ಉಡುವವರೂ ಕಡಿಮೆ, ಹಾಗಾಗಿ ಅದೇ ಹೆಣಿಗೆ ಕೈಪಟ್ಟಿ, ನೆಕ್‌ಟೈ, ಕಿವಿಯೋಲೆ ಆಗ್ತಿದೆ. ಇಗಾ ಎಂಬ ಊರಿನ ಕುಮಿಹಿಮೊಗೆ 1976ರಲ್ಲಿ ಅಲ್ಲಿನ ಸರ್ಕಾರ ಸಾಂಪ್ರದಾಯಿಕ ಕರಕುಶಲ ಅಂತ ಮಾನ್ಯತೆಯನ್ನೂ ಕೊಟ್ಟಿತು. (ಕಾರ್ಬನ್ ಫೈಬರ್ ಹೆಣೆಯುವ ಯಂತ್ರದ ತತ್ವವೂ ಇದೇ, ಮೆಕ್ಯಾನಿಕಲ್‌ನವರು ಗಮನಿಸಿ.)

ಇಷ್ಟೆಲ್ಲ ಹೇಳಿದ್ದು ಹಂಪಸಾಗರದ ಮಾತು ಎತ್ತೋಕೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ತುಂಬ ಲಂಬಾಣಿ ತಾಂಡಾಗಳಿವೆ. ಆ ಕಡೆಯ ಗೆಳತಿಯೊಬ್ಬಳು ನಮ್ಮ ಸಂಘದಲ್ಲಿದ್ದಾಳೆ. ಅವಳ ಅಜ್ಜಿಯ ಫೇಟಿಯಾ, ಕಾಂಚಳಿ ಈಗ ಟ್ರಂಕಿನಲ್ಲಿವೆ. ಕನ್ನಡಿ, ಕವಡೆ, ಹಳೇ ನಾಣ್ಯ ಎಲ್ಲ ಸೇರಿ ಎತ್ತಿದರೆ ಕೈ ಸೋಲುತ್ತೆ. ಕಿಲನ್, ವೇಲೆ, ಬಕ್ಯಾ, ಮಾಕಿ ಅಂತ ಒಂದೊಂದು ಹೊಲಿಗೆಗೂ ಹೆಸರಿದೆ. ಪಕ್ಕದ ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಇದೇ ಹೊಲಿಗೆ ಚೀಲಕ್ಕೆ, ದಿಂಬಿನ ಕವಚಕ್ಕೆ ಬಂದು ಬಹಳ ವರ್ಷ ಆಯ್ತು. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಲ್ಯಾಪ್‌ಟಾಪ್ ಚೀಲದ ಮೇಲೆ ಫೇಟಿಯಾದ ಹೊಲಿಗೆ ಹಾಕಿದರೆ ಸಂಪ್ರದಾಯ ಕೆಟ್ಟಿತು ಅನ್ನುವವರಿದ್ದಾರೆ. ನಾವು ಒಪ್ಪಲ್ಲ. ಕತ್ತಿ ಬಿಟ್ಟ ಹುರಿ ಸಾಯಲಿಲ್ಲವಲ್ಲ! ನಮಗೆ ಚಿಂತೆ ಇರೋದು ಬೇರೆ ಕಡೆ. ಎಥ್ನಿಕ್ ಡೇಗೆ ಬಾಡಿಗೆಗೆ ಬರುವ 'ಲಂಬಾಣಿ ಡ್ರೆಸ್' ನೋಡಿ: ಅಂಟಿಸಿದ ಪ್ಲಾಸ್ಟಿಕ್ ಕನ್ನಡಿ, ಯಂತ್ರದ ಕಸೂತಿ, ಒಂದು ಕುಣಿತಕ್ಕೆ ಅರ್ಧ ಕನ್ನಡಿ ನೆಲದ ಮೇಲೆ. ಅದರಲ್ಲಿ ತಾಂಡಾದ ಒಂದು ಕೈಯೂ ಇಲ್ಲ, ತಾಂಡಾಕ್ಕೆ ಒಂದು ರೂಪಾಯಿಯೂ ಹೋಗಲ್ಲ. ಇನ್ನೊಂದು ಥರದ 'ಡಿಸೈನ್' ಕೂಡ ನಮಗೆ ಸೇರಲ್ಲ: ಪೇಟೆಯಲ್ಲಿ ಯಾರೋ ನಕ್ಷೆ ಬರೀತಾರೆ, ಹೊಲಿಯುವ ಹೆಂಗಸು ಅದನ್ನು ತುಂಬಿಕೊಡಬೇಕು ಅಷ್ಟೇ. ಕನ್ನಡಿ ಎಲ್ಲಿ ಕೂರಬೇಕು, ಯಾವ ಬಣ್ಣದ ಪಕ್ಕ ಯಾವುದು ಅಂತ ಹೇಳೋಕೆ ಅವಳಿಗಿಂತ ಬಲ್ಲವರು ಯಾರು?

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ನವೆಂಬರ್‌ನ ರಾಜ್ಯೋತ್ಸವಕ್ಕೆ ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಬ್ಯಾಡ್ಜ್ ಬೇಡ. ರೂಪಾಯಿ ಅಗಲದ ಬಟ್ಟೆ, ನಡುವೆ ಒಂದು ಕನ್ನಡಿ, ಸುತ್ತ ಕೈಹೊಲಿಗೆ, ಹಿಂದೆ ಒಂದು ಪಿನ್ನು. ನಾವು ಹೇಳುವುದು ಅಳತೆ ಮಾತ್ರ, ಉಳಿದದ್ದು ಹೊಲಿಯುವವರಿಗೆ ಬಿಟ್ಟಿದ್ದು. ದುಬಾರಿ ಆಗುತ್ತೆ ಅಂತ ಖಜಾಂಚಿ ಈಗಾಗಲೇ ಮುಖ ಸಿಂಡರಿಸಿದ್ದಾನೆ. ಆಗಲಿ ಮಾರಾಯ, ಎರಡು ಫ್ಲೆಕ್ಸ್ ಕಡಿಮೆ ಮಾಡೋಣ. ಚೌಕಾಸಿ ಮಾತ್ರ ಮಾಡಬಾರದು.

ತಡ ಮಾಡೋ ಹಾಗೂ ಇಲ್ಲ. ದೀಪಾವಳಿ ಕಳೆದರೆ ಆ ಕಡೆಯ ಎಷ್ಟೋ ಮನೆಗಳು ಕಬ್ಬು ಕಡಿಯೋಕೆ ಗುಳೆ ಹೊರಡ್ತವೆ. ಆರ್ಡರ್ ಗಣಪತಿ ಹಬ್ಬದೊಳಗೇ ಹೋಗಬೇಕು, ಅರ್ಧ ದುಡ್ಡು ಮುಂಗಡವಾಗಿ. ಮುಂದಿನ ಸಭೆಗೆ ಖಜಾಂಚಿ ಲೆಕ್ಕದ ಪುಸ್ತಕ ತರಲಿ; ಹಂಪಸಾಗರದ ಗೆಳತಿ ಅಜ್ಜಿಯ ಹತ್ತಿರ ದರ ಕೇಳಿಕೊಂಡು ಬರ್ತಾಳೆ.