ಹೂವಿಟ್ಟವರ ಹೆಸರೆಲ್ಲಿ?

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದೆ. "ಲಂಡನ್ ಬಿಟ್ಟು ಹಳ್ಳಿಯ ಚರ್ಚಿನಲ್ಲಿ ನೋಡುವುದೇನಿದೆ, ಅತ್ತೆ?" ಎಂದು ಅಳಿಯ ನಕ್ಕರು. ಆದರೂ ಒಂದು ರಜೆಯ ದಿನ ಸರ್ರೆ ಸೀಮೆಯ ಚಾಲ್ಡನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದರು.

ಕಲ್ಲಿನ ಪುಟ್ಟ ಚರ್ಚು. ಒಳಗೆ ಪಶ್ಚಿಮದ ಗೋಡೆಯ ಮೇಲೆ ಸುಮಾರು 1200ರಲ್ಲಿ ಬರೆದ ದೊಡ್ಡ ಚಿತ್ರ. ಸ್ವರ್ಗಕ್ಕೆ ಏಣಿ, ಕೊಪ್ಪರಿಗೆಯಲ್ಲಿ ಪಾಪಿಗಳನ್ನು ಬೇಯಿಸುವ ಪಿಶಾಚಿಗಳು, ಬೆಂಕಿಯ ನಡುವೆ ಹಣದ ಚೀಲ ಹೊತ್ತ ಬಡ್ಡಿ ಸಾಹುಕಾರ! ಓದು ಬಾರದವರಿಗೆ ಅದೇ ಪಾಠಪುಸ್ತಕ. ಮುಂದೆ ಸುಣ್ಣ ಬಳಿದು ಮುಚ್ಚಿದ್ದ ಅದು ಮತ್ತೆ ಕಣ್ಣಿಗೆ ಬಿದ್ದದ್ದು 1869ರಲ್ಲಿ.

ಆಮೇಲೆ ಇನ್ನೂ ನಾಲ್ಕೈದು ಹಳ್ಳಿಗಳ ಚರ್ಚು ನೋಡಿದೆ. ಒಂದು ಸಂಗತಿ ಮನಸ್ಸನ್ನು ಚುಚ್ಚಿತು. ಗೋಡೆಯ ಹಲಗೆಯಲ್ಲಿ ಏಳುನೂರು ವರ್ಷದ ಪಾದ್ರಿಗಳ ಹೆಸರು. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಹೆಂಗಸರು ಪಾದ್ರಿಗಳಾದದ್ದೇ 1994ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಗಂಡಸರೇ. ನೆಲದ ಹಿತ್ತಾಳೆ ತಗಡಿನಲ್ಲಿ ಜಮೀನ್ದಾರ, ಪಕ್ಕದಲ್ಲಿ ಕೈಮುಗಿದ ಹೆಂಡತಿ. ಬಾಗಿಲ ಬಳಿ ಮಾತ್ರ ಪಿನ್ನು ಚುಚ್ಚಿದ ಒಂದು ಕಾಗದ: ಈ ವಾರ ಗುಡಿಸುವವರು ಯಾರು, ಹೂವಿಡುವವರು ಯಾರು. ಅಲ್ಲಿ ಬಹುಪಾಲು ಹೆಂಗಸರ ಹೆಸರು. ತಿಂಗಳು ಕಳೆದರೆ ಆ ಕಾಗದ ಕಸದ ಬುಟ್ಟಿಗೆ!

ಇಂಥ ಚರ್ಚುಗಳ ಖರ್ಚನ್ನು ಸರಕಾರವೇ ನೋಡಿಕೊಳ್ಳುತ್ತದೆ ಎಂದು ತಿಳಿದಿದ್ದೆ. ಹಾಗಲ್ಲ, ಮುಖ್ಯ ಹೊರೆ ಊರಿನ ಭಕ್ತರದೇ. ಚಹಾ, ಕೇಕು ಮಾರಿ ಚಾವಣಿ ರಿಪೇರಿಗೆ ದುಡ್ಡು ಕೂಡಿಸುತ್ತಾರೆ. ಆ ಕೇಕು ಮಾಡುವವರು ಯಾರೆಂದು ನಿಮಗೆ ನಾನು ಹೇಳಬೇಕೇ? ಜನವಿಲ್ಲದೆ ಮುಚ್ಚಿದ ಚರ್ಚುಗಳಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚನ್ನು ಇಂದು ಒಂದು ಟ್ರಸ್ಟು ಕಾಯುತ್ತಿದೆ. ಕಟ್ಟಿದವನ ಹೆಸರು ಕಲ್ಲಿನಲ್ಲಿದ್ದರೆ ಸಾಲದು, ದಿನವೂ ಬಾಗಿಲು ತೆರೆಯುವವರು ಬೇಕು.

"ಅದು ಅವರ ಭಕ್ತಿ, ಹೆಸರೇಕೆ?" ಎಂದರು ಅಳಿಯ. ಜಮೀನ್ದಾರನದೂ ಭಕ್ತಿಯೇ ಅಲ್ಲವೇ? ಅವನು ಹೆಸರು ಕೆತ್ತಿಸಿಕೊಳ್ಳಲಿಲ್ಲವೇ? ಭಕ್ತಿಗೆ ಹೆಸರು ಬೇಡವೆಂಬ ಉಪದೇಶ ಪೊರಕೆ ಹಿಡಿದವರಿಗೆ ಮಾತ್ರ ಏಕೆ?

ಒಂದು ಚರ್ಚಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಿತ್ತಾಳೆ ದೀಪಸ್ತಂಭ ಉಜ್ಜುತ್ತಿದ್ದರು. "ಎಷ್ಟು ವರ್ಷದಿಂದ?" ಎಂದೆ. "ಮದುವೆಯಾಗಿ ಈ ಊರಿಗೆ ಬಂದಾಗಿನಿಂದ," ಎಂದರು. ಪಾದ್ರಿಗಳ ಹಲಗೆಯ ಪಕ್ಕದಲ್ಲಿ ಇಂಥವರಿಗೂ ಒಂದು ಹಲಗೆ ಇರಲೇಬೇಕು ಎಂದು ನನ್ನ ವಾದ. ಅದು ಬರುವವರೆಗೆ ಕಾಯಲು ನನಗೆ ತಾಳ್ಮೆಯಿರಲಿಲ್ಲ. ಹೆಸರು ಕೇಳಿಕೊಂಡು, ಸಂದರ್ಶಕರ ಪುಸ್ತಕದಲ್ಲಿ ನನ್ನ ಹೆಸರಿಗಿಂತ ಮೇಲೆ ಆಕೆಯ ಹೆಸರು ಬರೆದು ಬಂದೆ.