ಪ್ರೋಗ್ರಾಂ ಫೈಲ್ಸ್ ಗುಡಿಸುವ ಮಹಾಶಯರಿಗೆ

ಹಳೇ ಕಂಪ್ಯೂಟರ್ ನಿಧಾನ ಆಯ್ತು ಅಂದ ತಕ್ಷಣ ಸಲಹೆ ಕೊಡೋರಿಗೆ ನಮ್ಮಲ್ಲಿ ಬರ ಇಲ್ಲ. "ಮೈ ಡಾಕ್ಯುಮೆಂಟ್ಸ್ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಪ್ರೋಗ್ರಾಂ ಫೈಲ್ಸ್‌ನಲ್ಲಿರೋ ಕಸ ಎಲ್ಲ ಕಿತ್ತೆಸೀರಿ." ಬರೆದದ್ದು ಬೇರೆ, ಬರೆಯೋ ತಂತ್ರಾಂಶ ಬೇರೆ ಅನ್ನೋದು ಇವರ ತರ್ಕ. ಇಂಗ್ಲಿಷಿನಲ್ಲಿ ಟೈಪ್ ಮಾಡಿದವರಿಗೆ ಸರಿ. ಕನ್ನಡಿಗರ ಹಳೇ ಹಾರ್ಡ್‌ಡಿಸ್ಕಿಗೆ ಮಾತ್ರ ಇದು ಮಂತ್ರ ಅಲ್ಲ, ಮಾಟ!

ಯಾಕೆ ಅಂತೀರಾ? ಯೂನಿಕೋಡಿನಲ್ಲಿ ಕನ್ನಡ 1991ರಲ್ಲೇ ಇತ್ತು. ಆದರೆ ವಿಂಡೋಸ್ 98ಕ್ಕೆ ಅದನ್ನ ತೋರಿಸೋಕೆ ಬರ್ತಿರಲಿಲ್ಲ. ಹಾಗಾಗಿ 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ಬರಹ, ಆಮೇಲಿನ ಕನ್ನಡ ಗಣಕ ಪರಿಷತ್ತಿನ ನುಡಿ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನ ಬಾಡಿಗೆಗೆ ಇಟ್ಟವು. (ಅವರನ್ನ ಬೈತಿಲ್ಲ. ಅವರಿಲ್ಲದಿದ್ರೆ ಆಗ ಕನ್ನಡ ಕಂಪ್ಯೂಟರಿನಲ್ಲಿ ಇರ್ತಾನೇ ಇರಲಿಲ್ಲ.) ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಟೈಪಿಸಿ ಉಳಿಸಿದ ಫೈಲಿನಲ್ಲಿ ನಿಜಕ್ಕೂ ಇರೋದು ಒಂದು ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು, ಮತ್ತೆ ಅದೇ ಎ... ಅದನ್ನ ಕನ್ನಡ ಮಾಡೋದು ಫಾಂಟ್ ಒಂದೇ. ಫಾಂಟ್ ಇರೋದು ವಿಂಡೋಸ್ ಫೋಲ್ಡರಿನ ಒಳಗೆ, ತಂತ್ರಾಂಶ ಇರೋದು ಪ್ರೋಗ್ರಾಂ ಫೈಲ್ಸ್‌ನಲ್ಲಿ. ಪೆನ್‌ಡ್ರೈವಿಗೆ ಹೋಗೋದ್ರಲ್ಲಿ ಎರಡೂ ಇರಲ್ಲ.

ನಮ್ಮ ಕುಮಾರ ಪಾರ್ಕಿನ ಬೀದಿಯಲ್ಲೇ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಎಕ್ಸ್‌ಪಿ ಮಷೀನು, 40 ಜಿಬಿ ಡಿಸ್ಕು. ಅದರಲ್ಲಿ ಅವರ ಊರಿನ ಕಡೆಯ ಮಾತುಗಳನ್ನ ವರ್ಷಗಟ್ಟಲೆ ಕೂಡಿಸಿಟ್ಟಿದ್ದರು. ರಿಪೇರಿಯವರು ಯಾರೋ 'ಕ್ಲೀನ್' ಮಾಡಿಕೊಟ್ಟರು. ವರ್ಡ್ ಫೈಲುಗಳಲ್ಲಿ ಫಾಂಟಿನ ಹೆಸರು ಉಳಿದಿತ್ತು, ನುಡಿ ಮತ್ತೆ ಹಾಕಿದ್ದೇ ಜೀವ ಬಂತು. ಆದರೆ ಟೆಕ್ಸ್ಟ್ ಫೈಲುಗಳಲ್ಲಿ ಫಾಂಟಿನ ಹೆಸರೇ ಇರಲ್ಲವಲ್ಲ! ನುಡಿಯ ಸಂಕೇತ ಬೇರೆ, ಶ್ರೀಲಿಪಿಯದ್ದು ಬೇರೆ. ಯಾವುದರಲ್ಲಿ ಟೈಪಿಸಿದ್ದು ಅಂತ ಮೇಷ್ಟ್ರಿಗೂ ನೆನಪಿಲ್ಲ. ಅದನ್ನ ಹೇಳಬಹುದಾಗಿದ್ದ ಒಂದೇ ಸಾಕ್ಷಿ ಪ್ರೋಗ್ರಾಂ ಫೈಲ್ಸ್ ಫೋಲ್ಡರು. ಅದನ್ನೇ ಗುಡಿಸಿ ಆಗಿತ್ತು.

"ನುಡಿ ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ ಬಿಡ್ರೀ" ಅಂತಾರೆ. ಸಿಗುತ್ತೆ. ಪ್ರಿಂಟರ್ ಪೋರ್ಟಿಗೆ ಲಾಕ್ ಸಿಕ್ಕಿಸಿದ್ರೆ ಮಾತ್ರ ತೆರೆಯುವ ಹಳೇ ಡಿಟಿಪಿ ತಂತ್ರಾಂಶ ಎಲ್ಲಿ ಸಿಗುತ್ತೆ? ಎಸ್.ಪಿ. ರೋಡಿನಲ್ಲಿ ಹಳೇ ಮದರ್‌ಬೋರ್ಡ್ ಸಿಗಬಹುದು, ಆ ಲಾಕ್ ಸಿಗಲ್ಲ. ಇನ್ನು ಕೆಲವರು ಪಿಡಿಎಫ್ ಮಾಡಿಟ್ಟು ಗೆದ್ದೆವು ಅಂದುಕೊಳ್ತಾರೆ. ಕಣ್ಣಿಗೆ ಚಂದ. ಅದರಲ್ಲಿ ಒಂದು ಪದ ಹುಡುಕಿ ನೋಡೋಣ? :)

ಜಾಗವೇ ಬೇಕಿದ್ರೆ ಟೆಂಪ್ ಫೈಲು ತೆಗೀರಿ, ಮೂರು ಮೂರು ಸಲ ಕಾಪಿ ಆದ ಮದುವೆ ಫೋಟೋ ತೆಗೀರಿ. ನುಡಿ, ಬರಹ ತಿನ್ನೋದು ಕೆಲವೇ ಎಂಬಿ. ಫೋಲ್ಡರನ್ನೇ ಎಳೆದು ಡಿ ಡ್ರೈವಿಗೆ ಹಾಕಿ ಅಚ್ಚುಕಟ್ಟು ಅನ್ನೋ ಜಾಣರೂ ಇದ್ದಾರೆ. ರಿಜಿಸ್ಟ್ರಿಯಲ್ಲಿ ಹಳೇ ವಿಳಾಸವೇ ಕೂತಿರುತ್ತೆ ಸ್ವಾಮೀ, ತಂತ್ರಾಂಶ ಏಳೋದೇ ಅನುಮಾನ.

ಮೊದಲು ಪ್ರೋಗ್ರಾಂ ಫೈಲ್ಸ್ ತೆರೆದು ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಿ, ಹಳೇದನ್ನ ಪಕ್ಕದಲ್ಲೇ ತೆರೆದಿಟ್ಟು ತಾಳೆ ನೋಡಿ. ಮುಖ್ಯವಾಗಿ ಅರ್ಕಾವತ್ತು. ಹಳೇ ಫೈಲಿನಲ್ಲಿ ಅದು ಕಣ್ಣಿಗೆ ಕಾಣೋ ಹಾಗೆ ಅಕ್ಷರದ ಹಿಂದೆ ಇರುತ್ತೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮುಂದೆ ಬರಬೇಕು. ಪರಿವರ್ತಕ ಎಡವೋದು ಇಂಥಲ್ಲೇ. ತಾಳೆ ನೋಡೋಕಾದ್ರೂ ಹಳೇ ತಂತ್ರಾಂಶ ಇರಲೇಬೇಕಲ್ವಾ? ಡಿಲೀಟ್ ಅನ್ನೋದು ಕಟ್ಟಕಡೆಯ ಕೆಲಸ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ಎತ್ತಿತು, ನಿಜ. ನೆಟ್ ಕೇಬಲ್ ಕಿತ್ತಿಡಿ, ಸಾಕು. ತಮಾಷೆ ಅಂದ್ರೆ ಇವತ್ತಿಗೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಪುಸ್ತಕಗಳು ಹಳೇ ಫಾಂಟಿನಲ್ಲೇ ತಯಾರಾಗ್ತಿವೆ. ಇನ್ನು ಹತ್ತು ವರ್ಷಕ್ಕೆ ಆ ಡಿಸ್ಕುಗಳನ್ನ ಗುಡಿಸೋಕೂ ಇದೇ ಮಹಾಶಯರು ಪೊರಕೆ ಹಿಡಿದು ಬರ್ತಾರೆ.